ಚೀನಾ ರೇಷ್ಮೆ ಮತ್ತು ನಮ್ಮ ಚರಕದವರು

ಮಾನ್ಯರೇ,

ಚೀನಾದಿಂದ ಬರುವ ಕಚ್ಚಾ ರೇಷ್ಮೆಯ ಪೆಟ್ಟು ಎಲ್ಲರಿಗೂ ಒಂದೇ ತರಹ ಬೀಳುವುದಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ರಾಮನಗರದಲ್ಲಿ ರೇಷ್ಮೆ ಗೂಡಿನ ಬೆಲೆ ಕುಸಿದಿತ್ತು, ನೆನಪಿದೆ ಅಲ್ವಾ? ವಿದ್ಯುತ್ ಮಗ್ಗದವರಿಗೆ ಚೀನಾದ ನೂಲು ಅನುಕೂಲವೇ, ಎಳೆ ಒಂದೇ ಸಮ ಇರುವುದರಿಂದ ಕಡಿಯುವುದು ಕಮ್ಮಿ, ದಿನದ ನೇಯ್ಗೆ ಜಾಸ್ತಿ. ಆಟೋಮ್ಯಾಟಿಕ್ ಯಂತ್ರ ಹಾಕಿಕೊಂಡ ದೊಡ್ಡ ಘಟಕಗಳೂ ಅಂಥ ನೂಲು ತೆಗೆಯುತ್ತವೆ. ಆದರೆ ಮನೆ ಪಕ್ಕದ ಶೆಡ್ಡಿನಲ್ಲಿ ಬಿಸಿನೀರಿಗೆ ಕೈಯಿಟ್ಟು ಚರಕದಲ್ಲಿ ನೂಲು ತೆಗೆಯುವವರು ಏನು ಮಾಡಬೇಕು? ಲೆಕ್ಕಪತ್ರ ಇಲ್ಲದವರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಸಾಲವಿಲ್ಲದೆ ಒಳ್ಳೆಯ ಯಂತ್ರ ಬರುವುದಿಲ್ಲ. ಸುಮ್ನೆ ಸುಂಕ ಏರಿಸಿದರೆ ಸಾಲದು. ಗೂಡಿನ ಮಾರುಕಟ್ಟೆಯಲ್ಲಿ ಕೊಡುವ ಖರೀದಿ ರಸೀದಿಯನ್ನೇ ಇವರ ವಹಿವಾಟಿನ ದಾಖಲೆ ಎಂದು ಬ್ಯಾಂಕುಗಳು ಒಪ್ಪುವಂತೆ ರೇಷ್ಮೆ ಇಲಾಖೆ ಮಾತನಾಡಲಿ.

– ಓದುಗ, ರಾಮನಗರ