ಭತ್ತದ ಗದ್ದೆಯೊಳಗಿಂದ ಬಂದ ದನಿ

ಖಾಲಿ ಕೊಡದ ಬಾಯಿಗೆ ತುಟಿಯಿಟ್ಟು ಊದಿದ್ದೀರಾ? ಚಿಕ್ಕವರಿದ್ದಾಗ ನಾವೆಲ್ಲ ಊದಿದ್ದೇವೆ, ಅಲ್ವಾ? ಹಾಗೇ ಒಂದು ದನಿ. ಊಂ... ಊಂ... ಊಂ... ಆಮೇಲೆ ಸ್ವಲ್ಪ ಹೊತ್ತು ಮೌನ. ಮತ್ತೆ ಶುರು. ಕಳೆದ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಲೀಟನ್ ಊರಿನ ಹೊರಗೆ, ಭತ್ತದ ಗದ್ದೆ ಪಕ್ಕದ ಮಣ್ಣುರಸ್ತೆಯಲ್ಲಿ ನಿಂತು ಈ ದನಿ ಕೇಳಿದೆ. ಸೂರ್ಯ ಮುಳುಗಿ ಸೆಕೆ ಇಳಿಯುತ್ತಿದ್ದ ಹೊತ್ತು. ಜೊತೆಯಲ್ಲಿ ನಮ್ಮ ಸಂಘದ ಮೂರು ಕುಟುಂಬಗಳಿದ್ದವು. ಯಾರೂ ಮಾತಾಡಲಿಲ್ಲ.

ಅದು ಆಸ್ಟ್ರಲೇಶಿಯನ್ ಬಿಟರ್ನ್. ಬಕದ ಜಾತಿಯ ಹಕ್ಕಿ. ಇಲ್ಲಿನ ಹಳ್ಳಿಯವರು ಇದನ್ನು ಬನ್ಯಿಪ್ ಹಕ್ಕಿ ಅಂತಲೂ ಕರೆಯುತ್ತಾರೆ. ಬನ್ಯಿಪ್ ಅಂದರೆ ಇಲ್ಲಿನ ಮೂಲನಿವಾಸಿಗಳ ಕಥೆಗಳಲ್ಲಿ ಜವುಗಿನಲ್ಲಿ ಅಡಗಿರುವ ಭಯಂಕರ ಪ್ರಾಣಿ. ಕತ್ತಲಲ್ಲಿ ಈ ದನಿ ಕೇಳಿದರೆ ಆ ಹೆಸರು ಯಾಕೆ ಅಂಟಿಕೊಂಡಿತು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಲೀಟನ್ ಇರುವುದು ಸಿಡ್ನಿಯಿಂದ ಸುಮಾರು 550 ಕಿಲೋಮೀಟರ್ ದೂರದಲ್ಲಿ, ಮರ್ರಂಬಿಜಿ ನದಿಯ ಕಡೆಗೆ. ಸಿಡ್ನಿ-ಮೆಲ್ಬರ್ನ್ ನಡುವೆ ಓಡಾಡುವ ನಮ್ಮವರು ಹ್ಯೂಮ್ ಹೆದ್ದಾರಿ ಬಿಟ್ಟು ಇತ್ತ ತಿರುಗುವುದೇ ಕಡಿಮೆ. ಇದು ವಿರಾಜುರಿ ಎಂಬ ಮೂಲನಿವಾಸಿ ಜನರ ನಾಡು. 1912ರಲ್ಲಿ ಇಲ್ಲಿ ಕಾಲುವೆ ನೀರು ಹರಿಯಿತು, 1920ರ ದಶಕದಲ್ಲಿ ಭತ್ತ ಬಂತು. ಮಂಡ್ಯದ ಕಡೆಯವರಿಗೆ ತೂಬು, ಕಾಲುವೆ, ಬದು ಎಲ್ಲ ನೋಡಿದರೆ ಊರಿಗೆ ಹೋದಂತೆಯೇ ಆಗುತ್ತದೆ. ಆದರೆ ಗದ್ದೆಯಲ್ಲಿ ಜನ ಇಲ್ಲ. ನಾಟಿ ಹಾಕುವುದಿಲ್ಲ. ಯಂತ್ರದಲ್ಲೋ ವಿಮಾನದಲ್ಲೋ ಬಿತ್ತುತ್ತಾರೆ. ಕಣ್ಣು ಹಾಯುವ ತನಕ ಹಸಿರು, ನೀರು, ಆಕಾಶ ಅಷ್ಟೇ.

ಈ ಹಸಿರಿನೊಳಗೆ ಆ ಹಕ್ಕಿ ಗೂಡು ಕಟ್ಟುತ್ತದೆ. ಆಸ್ಟ್ರೇಲಿಯಾ ಸರ್ಕಾರ 2011ರಲ್ಲಿ ಇದನ್ನು ಅಳಿವಿನಂಚಿನ ಹಕ್ಕಿ ಎಂದು ಪಟ್ಟಿ ಮಾಡಿತು. ಜವುಗುಗಳು ಬತ್ತಿ, ನದಿ ನೀರು ಬೇರೆ ಕಡೆ ತಿರುಗಿ, ಇರಲು ಜಾಗವೇ ಇಲ್ಲದಂತಾಗಿತ್ತು. ಆಮೇಲೆ ರೈತರೂ ಹಕ್ಕಿ ತಜ್ಞರೂ ಸೇರಿ ಗದ್ದೆಗಳಲ್ಲಿ ಹುಡುಕಿದರು. ಲೀಟನ್ ಸೇರಿದ ಈ ಸೀಮೆಗೆ ರಿವರೀನಾ ಎಂದು ಹೆಸರು; ಇಲ್ಲಿನ ಭತ್ತದ ಗದ್ದೆಗಳಿಗೆ ಹೆಚ್ಚಿನ ವರ್ಷಗಳಲ್ಲಿ 500ರಿಂದ 1,000 ಪ್ರಾಯದ ಬಿಟರ್ನ್‌ಗಳು ಬರುತ್ತವೆ ಎಂದು ಅಂದಾಜು ಸಿಕ್ಕಿತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಈ ಹಕ್ಕಿ ಬೇರೆಲ್ಲೂ ಇದ್ದಂತಿಲ್ಲ.

ನನಗೆ ಇದು ಮನಸ್ಸಿಗೆ ತುಂಬ ಹತ್ತಿರದ ವಿಷಯ. ನಮ್ಮ ಮನೆಯಲ್ಲಿ ಅನ್ನಕ್ಕೆ ಸೋನಾ ಮಸೂರಿ ಬೇಕು, ಅದು ಭಾರತದಿಂದ ಬರುತ್ತದೆ. ದೋಸೆ ಹಿಟ್ಟಿಗೆ ಮಾತ್ರ ಇಲ್ಲಿ ಬೆಳೆದ ಅಕ್ಕಿಯನ್ನೇ ನೆನೆಹಾಕುತ್ತೇನೆ. ಇಷ್ಟು ವರ್ಷ ತೊಳೆದು ರುಬ್ಬಿದ ಆ ಅಕ್ಕಿ ಯಾವ ಗದ್ದೆಯದು, ಅಲ್ಲಿ ಯಾರು ಗೂಡು ಕಟ್ಟಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮರುದಿನ ಬೆಳಗಿನ ಜಾವ ಅದೇ ರಸ್ತೆಗೆ ಹೋದೆವು. ಮೊದಲು ಕಂಡದ್ದು ನಮ್ಮ ಗುಂಪಿನ ಒಂಬತ್ತು ವರ್ಷದ ಹುಡುಗಿಗೆ. "ಆ ಕಡ್ಡಿ ಅಲ್ಲಾಡ್ತಿದೆ" ಅಂದಳು. ಕಡ್ಡಿ ಅಲ್ಲ. ಹಕ್ಕಿ ಕೊಕ್ಕನ್ನು ನೇರ ಆಕಾಶಕ್ಕೆ ಎತ್ತಿ ನಿಂತಿತ್ತು. ಕತ್ತಿನ ಮೇಲೆ ಕಂದು ಬಣ್ಣದ ಉದ್ದ ಗೆರೆಗಳು, ಥೇಟ್ ಒಣಗಿದ ಜೊಂಡಿನ ಹಾಗೆ. ಗಾಳಿಗೆ ಪೈರು ಬಾಗಿದಾಗ ಅದೂ ಮೆಲ್ಲಗೆ ಬಾಗುತ್ತಿತ್ತು. ಕೊಕ್ಕು ಮೇಲಿದ್ದರೂ ಹಳದಿ ಕಣ್ಣು ನಮ್ಮನ್ನೇ ನೋಡುತ್ತಿತ್ತು. ಎರಡು ನಿಮಿಷ ಇರಬಹುದು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಪೈರಿನೊಳಗೆ ಹೋಯಿತು. ಪೈರು ಕೂಡಿಕೊಂಡಿತು.

ಲೀಟನ್ನಿಗೆ ಹೋದವರು ಊರ ಅಂಚಿನಲ್ಲೇ ಇರುವ ಫೈವ್‌ಬೋ ಜವುಗನ್ನು ಬಿಟ್ಟು ಬರಬೇಡಿ. ಫೈವ್‌ಬೋ ಮತ್ತು ಅದರ ಹತ್ತಿರದ ಟಕರ್‌ಬಿಲ್, ಎರಡೂ ಸೇರಿ 2002ರಿಂದ ರಾಮ್ಸರ್ ಪಟ್ಟಿಯಲ್ಲಿವೆ, ಅಂದರೆ ಜಗತ್ತಿನ ಮುಖ್ಯ ಜವುಗುಗಳ ಪಟ್ಟಿಯಲ್ಲಿ. ನಮ್ಮ ರಂಗನತಿಟ್ಟು ಆ ಪಟ್ಟಿಗೆ ಸೇರಿದ್ದು 2022ರಲ್ಲಿ. ಫೈವ್‌ಬೋದಲ್ಲಿ ನಡೆಯಲು ದಾರಿ ಇದೆ, ಮರೆಯಲ್ಲಿ ಕೂತು ನೋಡಲು ಗೂಡಂಗಡಿಯಷ್ಟು ಚಿಕ್ಕ ಮಾಡುಗಳಿವೆ. ಹಣೆಗೆ ಬಿಳಿ ನಾಮ ಹಾಕಿಕೊಂಡ ನಾಮದಕೋಳಿಗಳು ಅಲ್ಲಿ ಸಾಲಾಗಿ ಈಜುತ್ತಿದ್ದವು. ಮಿಂಚು ಕೆಂಬರಲು ಕೆಸರಲ್ಲಿ ಕೊಕ್ಕು ಆಡಿಸುತ್ತಿತ್ತು. ಬಿಸಿಲು ಬಿದ್ದಾಗ ಅದರ ರೆಕ್ಕೆ ಹಸಿರು, ನೇರಳೆ, ತಾಮ್ರ ಎಲ್ಲ ಬಣ್ಣಕ್ಕೂ ತಿರುಗುತ್ತದೆ. ಈ ಎರಡೂ ನಮ್ಮ ಕೆರೆಗಳಲ್ಲಿರುವ ಜಾತಿಗಳೇ. ಊರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಮ್ಮ ದುರ್ಬೀನು ಕೆಳಗಿಡಲೇ ಇಲ್ಲ. "ಇಷ್ಟು ದಿನದಲ್ಲಿ ಗುರುತಿನವರು ಸಿಕ್ಕಿದ್ದು ಇವತ್ತೇ ಕಣಪ್ಪ" ಅಂದರು.

ಚೂಪುಬಾಲದ ಗೊರವಗಳು ಸೈಬೀರಿಯಾದಿಂದ ಇಲ್ಲಿಗೆ ಬರುತ್ತವೆ. ಅಂಗೈಗಿಂತ ಸ್ವಲ್ಪ ದೊಡ್ಡ ಹಕ್ಕಿ! ಇಲ್ಲಿನ ಬೇಸಿಗೆ ಕಳೆದು ವಾಪಸ್ ಹೋಗಿ ಅಲ್ಲಿ ಮರಿ ಮಾಡುತ್ತವೆ. ಟಕರ್‌ಬಿಲ್ ಕಡೆ ಬ್ರೋಲ್ಗಾ ಕೊಕ್ಕರೆಗಳು ಸಿಗುತ್ತವೆ. ಆಳೆತ್ತರದ ಬೂದುಬಣ್ಣದ ಹಕ್ಕಿ, ತಲೆಗೆ ಕೆಂಪು ಪಟ್ಟಿ, ಜೋಡಿ ಜೋಡಿಯಾಗಿ ರೆಕ್ಕೆ ಬಿಚ್ಚಿ ಕುಣಿಯುತ್ತವೆ. ನಮಗೆ ದೂರದಲ್ಲಿ ನಾಲ್ಕು ಕಂಡವು. ಕುಣಿತ ನೋಡಲು ಇನ್ನೊಮ್ಮೆ ಹೋಗಬೇಕು.

ನದಿಯ ದಡಕ್ಕೂ ಹೋಗಿ. ಮರ್ರಂಬಿಜಿ ಉದ್ದಕ್ಕೂ ರಿವರ್ ರೆಡ್ ಗಮ್ ಮರಗಳಿವೆ. ಸೂಪರ್ಬ್ ಗಿಳಿ ಗೂಡು ಮಾಡುವುದು ಇಂಥ ಹಳೇ ಮರಗಳ ಪೊಟರೆಯಲ್ಲಿ. ಮೈ ಎಲ್ಲ ಹಸಿರು, ಗಂಡಿಗೆ ಹಳದಿ ಮುಖ, ಕತ್ತಿನ ಕೆಳಗೆ ಕೆಂಪು ಗೆರೆ. ಒಂದು ಪೊಟರೆ ಆಗಲು ನೂರು ವರ್ಷಕ್ಕೂ ಜಾಸ್ತಿ ಬೇಕು. ಸೌದೆಗೆಂದು ಒಣಮರ ಕಡಿದರೆ ಹೋಗುವುದು ಬರೀ ಮರವಲ್ಲ. ಹತ್ತಿರದ ನರಾಂಡೆರಾದ ನದಿ ದಾರಿಯಲ್ಲಿ ಕೋಲಾಗಳೂ ಇವೆ, 1972ರಲ್ಲಿ ತಂದು ಬಿಟ್ಟವುಗಳ ಸಂತತಿ. ಮಕ್ಕಳಿಗೆ ಅಷ್ಟು ಸಾಕು.

ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ನಾವು ಗದ್ದೆ ಪಕ್ಕ ನಿಂತಿದ್ದಾಗ ಇನ್ನೊಂದು ಕಾರು ಬಂತು. ಇಳಿದವರು ಫೋನಿನಲ್ಲಿ ಬಿಟರ್ನ್ ಕೂಗನ್ನು ಜೋರಾಗಿ ಹಾಕಿದರು, ಮತ್ತೆ ಮತ್ತೆ. ಗೂಡಿನ ಕಾಲದಲ್ಲಿ ಹೀಗೆ ಮಾಡಿದರೆ ಗಂಡು ಹಕ್ಕಿ ಬೇರೆ ಗಂಡು ಬಂತೆಂದು ತನ್ನ ಕೆಲಸ ಬಿಟ್ಟು ಕಾದಾಟಕ್ಕೆ ನಿಲ್ಲುತ್ತದೆ. ಫೋಟೋ ಸಿಗಬಹುದು. ಆದರೆ ಮರಿ ಮಾಡಲು ಆ ಹಕ್ಕಿಗೆ ಇರುವ ಸಮಯವೇ ಸ್ವಲ್ಪ.

ಸಮಯದ ಮಾತು ಸುಮ್ನೆ ಹೇಳಿದ್ದಲ್ಲ. ಬಿತ್ತನೆ ಅಕ್ಟೋಬರ್ ಹೊತ್ತಿಗೆ. ಪೈರು ಎತ್ತರಕ್ಕೆ ಬಂದು ನೀರು ನಿಂತ ಮೇಲೆ ಹಕ್ಕಿ ಬರುತ್ತದೆ. ಮೊಟ್ಟೆ ಇಟ್ಟು, ಕಾವು ಕೊಟ್ಟು, ಮರಿಗೆ ರೆಕ್ಕೆ ಬಲಿಯುವಷ್ಟರಲ್ಲಿ ಕೊಯ್ಲಿಗೆಂದು ಗದ್ದೆಯ ನೀರು ಖಾಲಿಯಾಗುತ್ತದೆ. ನೀರು ಉಳಿಸಲು ಈಗ ಕೆಲವು ರೈತರು ಗದ್ದೆಗೆ ತಡವಾಗಿ ನೀರು ಕಟ್ಟುತ್ತಾರೆ. ಅವರನ್ನು ದೂರಲಾಗದು, ನೀರಿಗೆ ದುಡ್ಡು ಕೊಡುವವರು ಅವರೇ. ಆದರೆ ಹಕ್ಕಿಗೆ ಅಷ್ಟು ವಾರ ಕೈತಪ್ಪಿದಂತೆಯೇ. ಬೇಗ ನೀರು ಕಟ್ಟಿ, ಬದುವಿನ ಮೇಲೆ ಹುಲ್ಲು ಉಳಿಸಿ ಮರಿಗಳನ್ನು ಕಾಯುತ್ತಿರುವ ರೈತರೂ ಇದ್ದಾರೆ. ಅವರಿಗೆ ನಾನು ಕೈಮುಗಿಯುತ್ತೇನೆ.

ಈ ಡಿಸೆಂಬರಿನಲ್ಲಿ ಮತ್ತೆ ಹೋಗುತ್ತಿದ್ದೇವೆ, ಎರಡು ರಾತ್ರಿ. ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ ಅಂದುಕೊಂಡಿದ್ದೇವೆ, ಅದರಲ್ಲಿ ಅರ್ಧ ಮಕ್ಕಳಿರಲಿ. ಗದ್ದೆಗಳು ರೈತರ ಸ್ವಂತದ್ದು, ಹಾಗಾಗಿ ರಸ್ತೆಯಿಂದಲೇ ನೋಡುವುದು. ಉದ್ದ ಪ್ಯಾಂಟು, ಮುಚ್ಚಿದ ಶೂ ಹಾಕಿಕೊಳ್ಳಿ, ಬೇಸಿಗೆಯಲ್ಲಿ ಹಾವು ಓಡಾಡುತ್ತವೆ. ಸೊಳ್ಳೆ ಔಷಧಿ, ಟೋಪಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಬೇಕೇ ಬೇಕು. ಸ್ಪೀಕರ್ ಮನೆಯಲ್ಲೇ ಇರಲಿ. ಸಂಘದ ಬೀರುವಿನಲ್ಲಿ ಎರಡು ದುರ್ಬೀನುಗಳಿವೆ. ಅವು ಮಕ್ಕಳ ಕೈಗೆ. ಬರುವವರು ಮುಂದಿನ ಸಭೆಯಲ್ಲಿ ನನ್ನ ಹತ್ತಿರ ಹೆಸರು ಕೊಡಿ.