ಚೀಟಿ ಕೊಟ್ಟರೆ ಸಾಲದು, ದಾರಿಯನ್ನೂ ಹೇಳಿ

ಮಾನ್ಯರೇ,

ನಾನು ನಿವೃತ್ತ ಬಸ್ ಕಂಡಕ್ಟರ್, ವಯಸ್ಸು 67. ಹೋದ ವರ್ಷ ನಮ್ಮ ಬಡಾವಣೆಯ ಉಚಿತ ಆರೋಗ್ಯ ಶಿಬಿರದಲ್ಲಿ ಬಿಪಿ, ಶುಗರ್ ಜೊತೆ ಗಂಡಸರಿಗೆ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಅನುಮಾನ ಇದೆಯೇ ಅಂತ ನೋಡುವ ಪಿಎಸ್‌ಎ ರಕ್ತಪರೀಕ್ಷೆಯನ್ನೂ ಮಾಡಿದರು. ಮೂರು ದಿನ ಬಿಟ್ಟು ಚೀಟಿ ಬಂತು. 6.8. ಪಕ್ಕದಲ್ಲೇ ‘4ರೊಳಗೆ ಇರಬೇಕು’ ಅಂತ ಅಚ್ಚಾಗಿತ್ತು. ಕೇಳಿದರೆ ‘ದೊಡ್ಡ ಡಾಕ್ಟರಿಗೆ ತೋರಿಸಿ’ ಅಂದರು, ಅಷ್ಟೇ.

ಹತ್ತು ದಿನ ನಿದ್ದೆ ಬರಲಿಲ್ಲ. ನಮ್ಮ ಭಾವನಿಗೆ ಹಿಂದೊಮ್ಮೆ ಗುದದ್ವಾರದ ಮೂಲಕ ಹನ್ನೆರಡು ಕಡೆ ಸೂಜಿ ಚುಚ್ಚಿ ಬಯಾಪ್ಸಿ (ಪರೀಕ್ಷೆಗೆ ಗ್ರಂಥಿಯ ಚೂರು ತೆಗೆಯುವುದು) ಮಾಡಿದ್ದರು. ಚಳಿಜ್ವರ ಬಂದು ಒಂದು ವಾರ ಮಲಗಿದ್ದರು. ಕೊನೆಗೆ ನೋಡಿದರೆ ಕ್ಯಾನ್ಸರೇ ಇರಲಿಲ್ಲ!

ಹಾಸನದ ಡಾಕ್ಟರು ಮೊದಲು ಕೇಳಿದ್ದು ‘ಉರಿಮೂತ್ರ ಇತ್ತಾ? ಸೈಕಲ್ ತುಳೀತೀರಾ?’ ಅಂತ. ಎರಡೂ ಹೌದು. ಸೋಂಕಿದ್ದರೂ, ಸೈಕಲ್ ತುಳಿದರೂ, ವಯಸ್ಸಿಗೆ ಪ್ರಾಸ್ಟೇಟ್ ದೊಡ್ಡದಾದರೂ ಪಿಎಸ್‌ಎ ಏರಬಹುದಂತೆ. ಮಾತ್ರೆ ಕೊಟ್ಟು ಆರು ವಾರ ಬಿಟ್ಟು ಮತ್ತೆ ರಕ್ತ ತೆಗೆಸಿದರು. 5.1. ಆಗಲೂ ಸೂಜಿ ಹಿಡಿಯಲಿಲ್ಲ, ಎಂಆರ್‌ಐ ಸ್ಕ್ಯಾನ್ ಮಾಡಿಸಿ ಅಂದರು. ಕೊಳವೆಯೊಳಗೆ ಅರ್ಧ ಗಂಟೆ ಮಲಗಿದ್ದೆ. ಹಳೇ ಬಸ್ಸಿನ ಕಿಟಕಿಗಳೆಲ್ಲ ಒಟ್ಟಿಗೇ ಅದುರಿದ ಹಾಗೆ ಸದ್ದು. ಆ ಚಿತ್ರ ನೋಡಿ ಕ್ಯಾನ್ಸರ್ ಅನುಮಾನ ಎಷ್ಟು ಅನ್ನುವುದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ನನಗೆ 2. ಕಡಿಮೆ ಅಂಕ ಬಂದು ಖುಷಿಪಟ್ಟದ್ದು ಅದೇ ಮೊದಲು! ಸದ್ಯಕ್ಕೆ ಬಯಾಪ್ಸಿ ಬೇಡ ಅಂದರು.

ಅಂಕ 4-5 ಬಂದಿದ್ದರೂ ಭಾವನಿಗಾದ ಹಾಗೆ ಆಗಬೇಕಿಲ್ಲ. ಈಗ ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಪರದೆ ಮೇಲೆ ಕೂಡಿಸುವ ಫ್ಯೂಷನ್ ಯಂತ್ರ ಇದೆ. ಅನುಮಾನದ ಜಾಗಕ್ಕೇ ಗುರಿಯಿಟ್ಟು ಸೂಜಿ ಹಾಕಬಹುದು. ಗುದದ್ವಾರ ಬಿಟ್ಟು ಅದರ ಮುಂದಿನ ಚರ್ಮದ ಮೂಲಕ ಹಾಕಿದರೆ ಸೋಂಕಿನ ಭಯವೂ ಕಡಿಮೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದನ್ನು ಮಗಳು ಓದಿ ಹೇಳಿದಳು. 576 ಗಂಡಸರನ್ನು ಪರೀಕ್ಷಿಸಿದ್ದರು. ಮೊದಲೇ ಎಂಆರ್‌ಐ ಮಾಡಿದರೆ ಸುಮಾರು ಕಾಲು ಭಾಗ ಜನರಿಗೆ ಬಯಾಪ್ಸಿಯೇ ತಪ್ಪಬಹುದಂತೆ.

ಆದರೆ ಆ ಒಂದು ಸ್ಕ್ಯಾನಿಗೆ ನನ್ನ ಎರಡು ತಿಂಗಳ ಪಿಂಚಣಿ ಹೋಯಿತು. ಶಿಬಿರ ನಡೆಸುವವರು ರಕ್ತ ತೆಗೆಯುವ ಮೊದಲು ಆ ಎರಡು ಪ್ರಶ್ನೆ ಕೇಳಲಿ. ಜಾಸ್ತಿ ಬಂದವರಿಗೆ ಜಿಲ್ಲಾಸ್ಪತ್ರೆಯಲ್ಲಿ ಯಾವತ್ತು, ಯಾರನ್ನು ಕಾಣಬೇಕು ಅಂತ ಚೀಟಿಯಲ್ಲೇ ಬರೆದುಕೊಡಲಿ. ಎಂಆರ್‌ಐ ಬೇಕಾದವರಿಗೆ ಸರ್ಕಾರ ಅಲ್ಲೇ ಮಾಡಿಸಲಿ. ಸುಮ್ನೆ ಟಿಕೆಟ್ ಹರಿದುಕೊಟ್ಟು ಬಸ್ಸೇ ಬಿಡದಿದ್ದರೆ ಹೇಗೆ?

ಅದೇ ಶಿಬಿರದಲ್ಲಿ ಎದುರು ಮನೆಯವರಿಗೆ 11 ಬಂದಿತ್ತು. ಸೂಜಿಗೆ ಹೆದರಿ ಹೆಂಡತಿಗೂ ಹೇಳಿಲ್ಲ. ಚೀಟಿ ಇನ್ನೂ ಅವರ ಪಂಚಾಂಗದೊಳಗೇ ಇದೆ.

ನಿವೃತ್ತ ಕಂಡಕ್ಟರ್, ಅರಸೀಕೆರೆ