ಲ್ಯಾಟರಲ್ ಎಂಟ್ರಿ ಮಗಳಿಗೊಂದು ಪತ್ರ

ನವನಗರ, ಬಾಗಲಕೋಟೆ

ಪ್ರೀತಿಯ ಸವಿತಾ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಇಂಟರ್ನಲ್ಸ್ ಪೇಪರಿನ ಫೋಟೋ ನೋಡಿದೆ. ಮಾರ್ಕ್ಸ್ ನೋಡಿ ಬೇಜಾರಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಅದರ ಕೆಳಗೆ ‘ನಾ ಡಿಪ್ಲೊಮಾಕ್ಕಷ್ಟೇ ಲಾಯಕ್ಕು ಅವ್ವ, ಇಂಜಿನಿಯರಿಂಗ್ ನನ್ನ ಕೈಲಾಗಲ್ಲ’ ಅಂತ ಬರೆದಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳೋಕೆ ಆಗಲ್ಲ. ಹಾಸ್ಟೆಲಿನ ಗದ್ದಲದಲ್ಲಿ ಅರ್ಧ ಕೇಳಿ ‘ಹ್ಞೂಂ’ ಅಂತೀಯ. ಅದಕ್ಕೇ ಈ ಕಾಗದ.

ಮೊದಲು ಪೇಪರಿನ ವಿಷಯ. ನಾನು ಕನ್ನಡ ಪಾಠ ಮಾಡುವವಳು, ನಿನ್ನ ಗಣಿತ ನನಗೆಲ್ಲಿ ತಿಳಿಯಬೇಕು? ನಮ್ಮ ಕಾಲೇಜಿನ ಮ್ಯಾಥ್ಸ್ ಮೇಡಂಗೆ ತೋರಿಸಿದೆ. ಫೋಟೋ ದೊಡ್ಡದು ಮಾಡಿ ಒಂದೊಂದೇ ಸಾಲು ಓದಿದರು. ಇನ್ವರ್ಸ್ ಲ್ಯಾಪ್ಲಾಸ್ ಲೆಕ್ಕ ಸರಿಯಾಗೇ ಶುರು ಮಾಡಿದ್ದೀಯಂತೆ. ಪಾರ್ಷಿಯಲ್ ಫ್ರ್ಯಾಕ್ಷನ್ ಮಾಡಬೇಕಾದ ಕಡೆ ಪೆನ್ನು ನಿಂತಿದೆ. ಅಲ್ಲಿಂದ ಕೆಳಗೆ ಪುಟ ಖಾಲಿ. ಮುಂದಿನ ಲೆಕ್ಕವೂ ಅಲ್ಲೇ ನಿಂತಿದೆ. ‘ಹುಡುಗಿಗೆ ಲ್ಯಾಪ್ಲಾಸ್ ಬರುತ್ತೆ, ಬರದಿರೋದು ಪಿಯುಸಿ ಗಣಿತ’ ಅಂದರು. ನೀನು ಪಿಯುಸಿ ಓದಿದವಳೇ ಅಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಬೆಳಗಾವಿಯಲ್ಲಿ ಇಂಜಿನಿಯರಿಂಗಿನ ಮೂರನೇ ಸೆಮಿಸ್ಟರ್. ಬಾರದ್ದು ಒಂದು ಪಾಠ. ಅದನ್ನು ನೀನು ‘ನನಗೆ ತಲೆ ಇಲ್ಲ’ ಅಂತ ಓದಿಕೊಂಡಿದ್ದೀಯ.

ಇದು ನಿನ್ನೊಬ್ಬಳ ಪಾಡಲ್ಲ. ಅಮೆರಿಕದಲ್ಲಿ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ನಡುವೆ ಯೂನಿವರ್ಸಿಟಿ ಸೇರುವ ಮಕ್ಕಳಿದ್ದಾರೆ, ಹೆಚ್ಚುಕಮ್ಮಿ ನಿನ್ನ ಹಾಗೇ. ಜಾನ್ ಹಿಲ್ಸ್ ಎಂಬ ಸಂಶೋಧಕರು 1965ರಲ್ಲಿ, ಅಲ್ಲಿಯವರೆಗೆ ಇಂಥವರ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಹೊಸ ಕಡೆ ಮೊದಲ ಸೆಮಿಸ್ಟರಿನಲ್ಲಿ ಮಾರ್ಕ್ಸ್ ಇಳಿಯುತ್ತೆ, ಮುಂದೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತೆ ಅಂತ ಕಂಡಿತು. ಅದಕ್ಕೆ ಅವರಿಟ್ಟ ಹೆಸರು ಟ್ರಾನ್ಸ್‌ಫರ್ ಶಾಕ್. ಡಿಗ್ರಿ ಮುಗಿಸೋಕೆ ಕೆಲವರಿಗೆ ಜಾಸ್ತಿ ಸಮಯ ಹಿಡಿಯುತ್ತೆ ಅನ್ನೋದೂ ಅದರಲ್ಲಿತ್ತು. ಅದನ್ನು ನಿನ್ನಿಂದ ಮುಚ್ಚಿಡಲ್ಲ.

ನನಗೆ ಸಿಟ್ಟಿರೋದು ಬೇರೆ ಕಡೆ. 2019ರಲ್ಲಿ ಯುಜಿಸಿ ‘ದೀಕ್ಷಾರಂಭ’ ಅಂತ ಮಾಡಿತು, ಹೊಸ ಮಕ್ಕಳನ್ನು ಕಾಲೇಜಿಗೆ ಒಗ್ಗಿಸೋಕೆ. ನಮ್ಮಲ್ಲಿ ಅದನ್ನು ನಡೆಸುವುದು ನಾನೇ. ಇಂಜಿನಿಯರಿಂಗಿನಲ್ಲೂ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಹೇಳಿದ ಮೂರು ವಾರದ ಕಾರ್ಯಕ್ರಮವಿದೆ. ಎಲ್ಲ ಫಸ್ಟ್ ಇಯರ್ ಮಕ್ಕಳಿಗೆ. ನಡುದಾರಿಯಲ್ಲಿ ಬಸ್ ಹತ್ತಿದವರಿಗೆ ಟವೆಲ್ ಹಾಕಿ ಸೀಟು ಹಿಡಿಯೋರು ಯಾರು? ನೀನು ಹೋಗುವಷ್ಟರಲ್ಲಿ ಕ್ಲಾಸಿನವರ ಗುಂಪುಗಳಾಗಿವೆ, ಲ್ಯಾಬ್ ಬ್ಯಾಚ್ ಆಗಿದೆ, ನೋಟ್ಸ್ ಯಾರ ಹತ್ರ ಸಿಗುತ್ತೆ ಅಂತ ಅವರಿಗೆಲ್ಲ ಗೊತ್ತಿದೆ. ನಿನಗೆ ಯಾರೂ ಹೇಳಲಿಲ್ಲ.

ಇನ್ನೊಂದು ಅಧ್ಯಯನ ನಿನಗೆ ಹೇಳಲೇಬೇಕು. ಗ್ರೆಗರಿ ವಾಲ್ಟನ್, ಜೆಫ್ರಿ ಕೋಹೆನ್ ಅಂತ ಇಬ್ಬರು 2011ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಒಂದು ಕಾಲೇಜಿನ ಫಸ್ಟ್ ಇಯರ್ ಮಕ್ಕಳನ್ನು ಸುಮಾರು ಒಂದು ತಾಸು ಕೂರಿಸಿ, ಸೀನಿಯರ್‌ಗಳ ಮಾತು ಓದಿಸಿದರು. ‘ನಮಗೂ ಮೊದಮೊದಲು ಇದು ನಮ್ಮ ಜಾಗವಲ್ಲ ಅನ್ನಿಸಿತ್ತು, ಬರಬರುತ್ತ ಹೋಯಿತು’ ಅನ್ನೋ ಥರದ ಮಾತು. ಆಮೇಲೆ ಅದನ್ನೇ ತಮ್ಮ ಅನುಭವ ಸೇರಿಸಿ, ಮುಂದೆ ಬರುವವರಿಗಾಗಿ ಬರೆಯೋಕೆ ಹೇಳಿದರು. ಅಷ್ಟೇ. ಮುಂದಿನ ಮೂರು ವರ್ಷ ಕಪ್ಪು ಮಕ್ಕಳ ಮಾರ್ಕ್ಸ್ ಏರುತ್ತ ಹೋಯಿತು, ಬಿಳಿಯರ ಜೊತೆಗಿದ್ದ ಅಂತರ ಅರ್ಧಕ್ಕೆ ಇಳಿಯಿತು. ಮೊದಲ ಸಲ ಓದಿದಾಗ ನನಗೆ ಅನುಮಾನವೇ ಬಂತು. ಬರೀ ಮಾತಿಗೆ ಇಷ್ಟು ಶಕ್ತಿ ಇದ್ದಿದ್ರೆ ನಮ್ಮ ಊರಲ್ಲಿ ಭಾಷಣಗಳಿಗೇನು ಬರವೇ?

2023ರಲ್ಲಿ ವಾಲ್ಟನ್ ಮತ್ತು ಜೊತೆಗಾರರು 22 ಕಾಲೇಜುಗಳ 26,911 ಮಕ್ಕಳ ಮೇಲೆ ಇಂಥದ್ದನ್ನೇ ಮಾಡಿ ನೋಡಿದರು. ಆ ಮಕ್ಕಳಿಗೆ ‘ನಾವೂ ಇಲ್ಲಿಯವರೇ’ ಅನ್ನಿಸೋಕೆ ನಿಜವಾಗಿ ಅವಕಾಶವಿದ್ದ ಕಾಲೇಜುಗಳಲ್ಲಿ ಮಾತ್ರ ಅದು ಫಲ ಕೊಟ್ಟಿತು. ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿತು. ‘ಧೈರ್ಯವಾಗಿರು’ ಅಂತ ನಾನು ಇಲ್ಲಿ ಕೂತು ಹೇಳಿದರೆ ಸಾಲದು, ಅಲ್ಲಿ ಯಾರಾದರೂ ಬಾಗಿಲು ತೆಗೆಯಬೇಕು.

ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯವರು ತಮ್ಮ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ ಶುರು ಮಾಡಿದ ಯೋಜನೆ ಇದಕ್ಕಿಂತಲೂ ನೇರ. ಒಬ್ಬ ಸಲಹೆಗಾರರನ್ನು ಪದೇಪದೇ ಭೇಟಿಯಾಗಬೇಕು, ಟ್ಯೂಷನ್ ಇರುತ್ತೆ, ಪುಸ್ತಕಕ್ಕೆ ನೆರವು, ಓಡಾಡೋಕೆ ಪಾಸು. ಗಣಿತವೋ ಇಂಗ್ಲಿಷೋ ಹಿಂದೆ ಬಿದ್ದಿದ್ದ ಮಕ್ಕಳಲ್ಲಿ ಎರಡು ವರ್ಷದ ಡಿಗ್ರಿಯನ್ನು ಮೂರು ವರ್ಷದೊಳಗೆ ಮುಗಿಸಿದವರು ಶೇ. 40. ಈ ನೆರವು ಸಿಗದವರಲ್ಲಿ ಶೇ. 22. ಬಸ್ ಪಾಸೂ ಓದಿನ ಲೆಕ್ಕಕ್ಕೆ ಬರುತ್ತೆ ನೋಡು! ನಿಮಗೆ ಶಕ್ತಿ ಯೋಜನೆ ಬಂದು ಅದೊಂದು ಚಿಂತೆ ತಪ್ಪಿದೆ.

ಹಾಗಾಗಿ ವಾರಕ್ಕೊಮ್ಮೆ ಮನೆಗೆ ಬರಬೇಕು ಅನ್ನಿಸಿದರೆ ಬಾ. ನಿನ್ನ ದೊಡ್ಡಪ್ಪ ‘ಊರಿನ ಗುಂಗು ಬಿಟ್ರೇನೇ ಓದು ಹತ್ತೋದು’ ಅಂತಾರೆ. ವಿನ್ಸೆಂಟ್ ಟಿಂಟೊ ಎಂಬ ದೊಡ್ಡ ವಿದ್ವಾಂಸರ ಸಿದ್ಧಾಂತವೂ ಮೊದಲು ಹಳೆಯ ಬಳಗದಿಂದ ದೂರವಾಗೋದೇ ಮೊದಲ ಮೆಟ್ಟಿಲು ಅಂತಿತ್ತು. ಆಮೇಲೆ ಬಂದವರು ಅದನ್ನು ಒಪ್ಪಲಿಲ್ಲ. ಮನೆಯ ನಂಟೇ ಎಷ್ಟೋ ಮಕ್ಕಳನ್ನು ಕಾಲೇಜಿನಲ್ಲಿ ಹಿಡಿದು ನಿಲ್ಲಿಸುತ್ತೆ ಅಂತ ತೋರಿಸಿದರು. ದೊಡ್ಡಪ್ಪನಿಗೆ ನಾನು ಹೇಳುತ್ತೇನೆ, ನೀನು ವಾದಕ್ಕಿಳಿಯಬೇಡ.

ಈಗ ಮಾಡಬೇಕಾದ್ದು. ಹೋದ ವರ್ಷ ಲ್ಯಾಟರಲ್‌ನಲ್ಲಿ ಬಂದವರು ಈಗ ಐದನೇ ಸೆಮಿಸ್ಟರಿನಲ್ಲಿ ಇರುತ್ತಾರೆ. ಅವರಲ್ಲಿ ಒಬ್ಬರನ್ನಾದರೂ ಹುಡುಕಿ ಕೇಳು, ಗಣಿತ ಹೇಗೆ ದಾಟಿದರು ಅಂತ. ಮ್ಯಾಥ್ಸ್ ಸರ್ ಹತ್ರ ಹೋದಾಗ ‘ಅರ್ಥವಾಗ್ತಿಲ್ಲ ಸರ್’ ಅನ್ನಬೇಡ, ಅದಕ್ಕೆ ಅವರು ತಾನೇ ಏನು ಹೇಳಿಯಾರು? ಪೇಪರ್ ತೋರಿಸಿ, ಪೆನ್ನು ನಿಂತ ಜಾಗ ತೋರಿಸು. ನಮ್ಮ ಮೇಡಂ ಪಾರ್ಷಿಯಲ್ ಫ್ರ್ಯಾಕ್ಷನ್ನಿನ ನೋಟ್ಸ್ ಕೊಟ್ಟಿದ್ದಾರೆ, ಶೇಂಗಾ ಚಟ್ನಿ ಪುಡಿ ಜೊತೆಗೆ ಕಳಿಸುತ್ತಿದ್ದೇನೆ.

ನಿಮ್ಮ ಪ್ರಿನ್ಸಿಪಾಲರಿಗೂ ಒಂದು ಕಾಗದ ಬರೆದಿಟ್ಟಿದ್ದೇನೆ. ಲ್ಯಾಟರಲ್ ಮಕ್ಕಳಿಗೆ ಸೆಮಿಸ್ಟರ್ ಶುರುವಿನಲ್ಲೇ ಒಂದು ವಾರದ ಗಣಿತ ಕ್ಲಾಸು, ಜೊತೆಗೊಬ್ಬ ಸೀನಿಯರ್, ಇಷ್ಟೇ ಕೇಳಿದ್ದೇನೆ. ನಿನ್ನ ಹೆಸರು ಹಾಕಿಲ್ಲ. ಆದರೂ ನಿನಗೆ ಮುಜುಗರ ಅನ್ನಿಸಿದರೆ ಹೇಳು, ಕಳಿಸಲ್ಲ.

ನಿನ್ನ ಅವ್ವ